ಘಟ್ಟವಿಳಿದು ಕಡಲಿನೆಡೆಗೆ

ಪ್ರಾಚೀನ ಶಿಲ್ಪವನ್ನೂ ಕಡಲ ವಿಶ್ರಾಂತಿಯನ್ನೂ ಅರಸುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಥೋಲಿಕ ಕುಟುಂಬಗಳು ಈಜಿಪ್ಟಿನವರೆಗೆ ಹೋಗಬೇಕಾಗಿಲ್ಲ, ಘಟ್ಟವಿಳಿದರೆ ಕಾರ್ಕಳವಿದೆ. 1432ರಲ್ಲಿ ಪ್ರತಿಷ್ಠಾಪಿತನಾದ, ಸುಮಾರು 42 ಅಡಿ ಎತ್ತರದ ಏಕಶಿಲಾ ಗೊಮ್ಮಟನ ಮುಂದೆ ನಾವು ಮೌನವಾಗುತ್ತೇವೆ.

ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸರ ಪುಣ್ಯಕ್ಷೇತ್ರವಿದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದಾಗ ಇಲ್ಲಿಯ ಇಗರ್ಜಿ ನಾಶವಾಯಿತು. 1799ರ ತರುವಾಯ ಮರಳಿದವರ ವಿಶ್ವಾಸದಿಂದ ಅದು ಮತ್ತೆ ಎದ್ದಿತು. 2016ರಲ್ಲಿ ಮೈನರ್ ಬಸಿಲಿಕಾ ಎಂಬ ಗೌರವ ಪಡೆಯಿತು.

ಅಲ್ಲಿಂದ ಮಲ್ಪೆಯ ಮರಳತೀರ. ಮಳೆಗಾಲ ಬಿಟ್ಟು ಬಂದವರಿಗೆ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪದ ಶಿಲಾಸ್ತಂಭಗಳ ದರ್ಶನ.

ಮಾರ್ಗದರ್ಶಿಗಳಾಗಿ ಮನೆಯ ಹಿರಿಯರನ್ನೇ ಕರೆದೊಯ್ಯೋಣ. ಸೆರೆಯ ಕಥೆಯನ್ನು ಮಕ್ಕಳು ಅವರ ಬಾಯಿಂದಲೇ ಕೇಳಲಿ. ಹೇಳುವವರಿಲ್ಲದ ದಿನ ನಮಗೆ ಕಲ್ಲುಗಳಷ್ಟೇ ಉಳಿದಾವು.