ಗುನುಗಿನಿಂದ ವಾದ್ಯವೃಂದದವರೆಗೆ

ರೂಫಸ್ ವೈನ್‌ರೈಟ್ 2003ರಲ್ಲಿ ಹೊರತಂದ ‘ವಾಂಟ್ ಒನ್’ ಆಲ್ಬಂ, ಕಥೆಯನ್ನು ಹಾಡಿನಲ್ಲೇ ಆಡಿ ತೋರಿಸುವ ಪಾಶ್ಚಾತ್ಯ ಸಂಗೀತನಾಟಕವಾದ ಆಪೆರಾದ ಗತ್ತನ್ನು ಪಾಪ್ ಹಾಡಿನೊಳಗೆ ಸಂಕೋಚವಿಲ್ಲದೆ ತಂದ ಕೃತಿಯಾಗಿದ್ದು, ಮುಖಪುಟದಲ್ಲಿ ಗಾಯಕರು ಕವಚಧಾರಿ ಯೋಧರಾಗಿ ಕಾಣಿಸಿಕೊಂಡಿರುವುದೇ ಅದರ ಮುನ್ಸೂಚನೆಯಾಗಿದೆ. ಮೊದಲ ಹಾಡು ‘ಓ ವಾಟ್ ಎ ವರ್ಲ್ಡ್’ ಬರಿಯ ಗುನುಗಿನಿಂದ ತೊಡಗಿ, ಟ್ಯೂಬಾ ಎಂಬ ದಪ್ಪ ದನಿಯ ಹಿತ್ತಾಳೆಯ ಊದುವಾದ್ಯದ ಹೆಜ್ಜೆಯೊಡನೆ ವಾದ್ಯಗಳನ್ನು ಕೂಡಿಸಿಕೊಳ್ಳುತ್ತ, ಫ್ರೆಂಚ್ ಸಂಯೋಜಕ ಮೋರಿಸ್ ರವೆಲ್ 1928ರಲ್ಲಿ ರಚಿಸಿದ ‘ಬೊಲೆರೊ’ವನ್ನೇ ತನ್ನೊಳಗೆ ಮೊಳಗಿಸುತ್ತದೆ. ಲಯವನ್ನು ಕದಲಿಸದೆ ನಾದವನ್ನಷ್ಟೇ ಏರಿಸುತ್ತ ಹೋಗುವ ಬೊಲೆರೊದ ತಂತ್ರ ಈ ಹಾಡಿಗೂ ಬೆನ್ನೆಲುಬು. ಈ ಅಬ್ಬರ ಕೆಲವರಿಗೆ ಅತಿಯೆನಿಸೀತು. ಆ ಅತಿಯಲ್ಲೇ ಅದರ ಸೊಗಸೂ ಇದೆ. ತಂದೆಯೂ ಗಾಯಕರೂ ಆದ ಲೌಡನ್ ವೈನ್‌ರೈಟ್ ಅವರೊಂದಿಗಿನ ಮನಸ್ತಾಪವನ್ನು ಹಾಡುವ ‘ಡಿನ್ನರ್ ಅಟ್ ಎಯ್ಟ್’ ಮಾತ್ರ ಕವಚ ಕಳಚಿದಂತೆ ಪಿಯಾನೊ, ತಂತಿವಾದ್ಯಗಳ ಮೆಲುದನಿಯಲ್ಲಿ ಸಾಗುತ್ತದೆ.