ಅಂಗಿ ಹಳೇದು, ಕೂಲೀನೂ ಹಳೇದಿರಬೇಕೇ?

"ಬಟ್ಟಿ ನಮ್ಮದು, ದಾರ ನಮ್ಮದು. ನಿಂದೇನೈತಿ ಯಮ್ಮಾ, ಬರೇ ಒಂದ ಸೂಜಿ!"

ಕೌದಿ ಹೊಲಿಯುವ ಹೆಣ್ಣುಮಗಳು ಧಾರವಾಡ ಸೀಮೆಯ ಓಣಿಯೊಂದಕ್ಕೆ ಬಂದು ಕಟ್ಟೆ ಮೇಲೆ ಕೂತಳೆಂದರೆ ಮನೆಯೊಡತಿಯಿಂದ ಕೇಳಿ ಬರೋ ಮೊದಲ ಮಾತು ಸಾಮಾನ್ಯವಾಗಿ ಇಂಥದ್ದೇ. ಹೊಲಿಯೋಳೂ ಸುಮ್ಮನಿರೋಳಲ್ಲ. "ಸೂಜಿ ಅಷ್ಟ ಅಲ್ಲರೀ ಅಕ್ಕಾರ, ಕಣ್ಣೂ ನಂದ, ಸೊಂಟಾನೂ ನಂದ" ಅಂತಾಳೆ. ಅಲ್ಲಿಂದ ಚೌಕಾಶಿ ಶುರು. ಐವತ್ತು ಇಳಿಸು, ಇಪ್ಪತ್ತು ಏರಿಸು. ಕೊನೆಗೆ ಗೆಲ್ಲೋದು ಯಾರು? ಬಟ್ಟೆ ಯಾರದೋ ಅವರೇ.

ಕೌದಿ ಕಾಣದ ಮನೆ ಈ ಕಡೆ ಸಿಗೋದು ಕಷ್ಟ. ಕೂಸು ಹುಟ್ಟಿದರೆ ಅಜ್ಜಿಯ ಹಳೇ ಸೀರೆಯ ಮೆತ್ತನೆ ಕೌದಿ ತೊಟ್ಟಿಲಿಗೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸೋಕೆ ಅದೇ, ಮಾಗಿ ಚಳಿಯಲ್ಲಿ ಹೊದೆಯೋಕೂ ಅದೇ. ಬೀಗರು ಬಂದರೆ ಟ್ರಂಕಿನೊಳಗಿನ ಹೊಸ ಕೌದಿ ಹೊರಗೆ ಬರುತ್ತೆ. ಮಹಾರಾಷ್ಟ್ರದವರು ಇದರ ಬಳಗದ್ದನ್ನೇ ಗೋಧಡಿ ಅಂತಾರೆ, ಬಂಗಾಲದವರು ಕಾಂತಾ ಅಂತಾರೆ. ಹೆಸರು ಬೇರೆ, ಹೂರಣ ಒಂದೇ. ಸವೆದ ಬಟ್ಟೆ, ಸೂಜಿ, ದಾರ, ಹೆಂಗಸರ ಪುರುಸೊತ್ತು. ಆ "ಪುರುಸೊತ್ತು" ಅನ್ನೋ ಮಾತಿನಲ್ಲೇ ಇದೆ ಎಡವಟ್ಟು.

ಅಂಗಿಯ ಕಡೇ ಪ್ರಯಾಣ

ಗಲ್ಲಾಪೆಟ್ಟಿಗೆ ಮುಂದೆ ಕೂತ ಅಂಗಡಿಕಾರರ ಅಂಗಿ ಮೊದಲು ಸವೆಯೋದು ಮೊಣಕೈಯಲ್ಲಿ. ದಿನಾ ಬಸ್ಸಿನಲ್ಲಿ ಸರಳಿಗೆ ಜೋತುಬಿದ್ದು ಹೋಗೋರ ಅಂಗಿ ಹರಿಯೋದು ಕಂಕುಳಲ್ಲಿ. ಇಬ್ಬರದೂ ಕಾಲರ್ ಹೋಗೇ ಹೋಗುತ್ತೆ. ಆದರೆ ಬೆನ್ನಿನ ಬಟ್ಟೆ ನೋಡಿ, ಬಹುಪಾಲು ಗಟ್ಟಿಯಾಗೇ ಉಳಿದಿರುತ್ತೆ. ಕೌದಿಯವಳ ಕಣ್ಣು ಬೀಳೋದು ಅಲ್ಲೇ.

ಮೊದಲು ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕುತ್ತಾರೆ. ಅವು ಮುಂದೆ ಯಾವುದಾದರೂ ಅಂಗಿಗೆ ಆದಾವು. ಆಮೇಲೆ ಕಾಲರ್, ಕಫ್, ಗುಂಡಿಪಟ್ಟಿ ಬೇರೆ. ಅವುಗಳ ಒಳಗೆ ದಪ್ಪ ಬಟ್ಟೆ ಇರುತ್ತೆ, ಸೂಜಿ ಇಳಿಯೋದಿಲ್ಲ. ಹೊಲಿಗೆ ಬಿಚ್ಚಿ ತೋಳುಗಳನ್ನು ಬಿಡಿಸಿದರೆ ಎರಡು ತುಂಡು, ಎದೆಯ ಕಡೆಯದು ಎರಡು, ಬೆನ್ನಿನದು ಒಂದು ದೊಡ್ಡದು. ಒಂದು ಅಂಗಿಯಿಂದ ಐದು ತುಂಡು ಸಿಕ್ಕಿತು ಅಂತ ಲೆಕ್ಕ.

ನೆಲಕ್ಕೆ ಹಳೇ ಧೋತರವನ್ನೋ ನೂಲಿನ ಸೀರೆಯನ್ನೋ ಹಾಸಿ, ಜರುಗದಂತೆ ನಾಲ್ಕು ಮೂಲೆಗೆ ಕಲ್ಲಿಡುತ್ತಾರೆ. ಅದರ ಮೇಲೆ ಪದರ ಪದರವಾಗಿ ತೀರಾ ಸವೆದ ಬಟ್ಟೆ. ಎಲ್ಲಕ್ಕೂ ಮೇಲೆ ಬಣ್ಣ ಚೆನ್ನಾಗಿರೋ ತುಂಡುಗಳು. ಅಪ್ಪನ ಗೆರೆ ಅಂಗಿ ಪಕ್ಕದಲ್ಲಿ ಮಗಳ ಹೂವಿನ ಲಂಗ, ಅದರ ಪಕ್ಕ ಶಾಲೆಯ ಯೂನಿಫಾರ್ಮು. ತುಂಡಿನ ಅಂಚನ್ನು ಒಳಗೆ ಮಡಚಿ ಹೊಲಿಗೆ ಓಡಿಸಬೇಕು, ಸಾಲಿನ ಪಕ್ಕ ಸಾಲು. ಸಾಲು ದೂರವಾದರೆ ಒಗೆದಾಗ ಒಳಗಿನ ಬಟ್ಟೆ ಜರುಗಿ ಮುದ್ದೆ ಆಗುತ್ತೆ. ಹತ್ತಿರ ಹತ್ತಿರ ಹೊಲಿದ ಕೌದಿ ಮಹಾನವಮಿ ಮುಂದೆ ಹಳ್ಳಕ್ಕೆ ಒಯ್ದು ಇಬ್ಬರು ಹಿಂಡಿದರೂ ಜಗ್ಗೋದಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿ ತಡೆಯೋದು. ದಪ್ಪ ಒಂದೇ ಬಟ್ಟೆಗಿಂತ ತೆಳು ಬಟ್ಟೆಯ ನಾಲ್ಕು ಪದರ ಬೆಚ್ಚಗಿರೋದು ಇದಕ್ಕೇ.

ಸೂಜಿಯ ಲೆಕ್ಕ

ಈಗ ಅಂಗಡಿಕಾರರು ಪೆನ್ಸಿಲ್ ಕೈಗೆ ತಗೊಳ್ಳಿ.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ, ಅಂದರೆ ಮುಕ್ಕಾಲು ಇಂಚು ಅಂತ ಹಿಡಿಯಿರಿ. ನಾಲ್ಕು ಅಡಿಯಲ್ಲಿ 64 ಸಾಲು ಕೂರುತ್ತವೆ. ಒಂದೊಂದು ಸಾಲೂ ಆರು ಅಡಿ, ಒಟ್ಟು 384 ಅಡಿ ಹೊಲಿಗೆ. ಇಂಚಿಗೆ ಮೂರೇ ಹೊಲಿಗೆ ಅಂದರೂ 13,824 ಸಲ ಸೂಜಿ ಒಳಗೆ ಹೋಗಿ ಹೊರಗೆ ಬರಬೇಕು. ಅದೂ ನಾಲ್ಕೈದು ಪದರ ದಾಟಿ!

ಅಡಿಗೆ ಮೂರು ನಿಮಿಷದಂತೆ 1,152 ನಿಮಿಷ. ಹತ್ತೊಂಬತ್ತು ತಾಸಿನ ಮೇಲಾಯಿತು. ಅಂಗಿ ಬಿಚ್ಚೋದು, ತುಂಡು ಹೊಂದಿಸೋದು, ಅಂಚು ಮಡಚೋದು, ದಾರ ಪೋಣಿಸೋದು, ಇದ್ಯಾವುದೂ ಈ ಲೆಕ್ಕದಲ್ಲಿ ಬಂದಿಲ್ಲ. ದಿನಕ್ಕೆ ನಾಲ್ಕು ತಾಸು ಬಗ್ಗಿ ಕೂತರೂ ಒಂದು ವಾರದ ಕೆಲಸ. ಈ ವಾರವನ್ನೇ ಜನ "ಪುರುಸೊತ್ತಿನಾಗ ಹೊಲಿದದ್ದು" ಅನ್ನೋದು. ಊರೂರು ತಿರುಗಿ ಕೌದಿ ಹೊಲಿದೇ ಹೊಟ್ಟೆ ಹೊರೆದ ಗೊಂದಲಿಗರ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾದೀತು ಅದು ಎಂಥಾ ಪುರುಸೊತ್ತು ಅಂತ.

ಟೆರಿಕಾಟ್ ತಂದ ತೊಡಕು

ಬಟ್ಟೆಯೂ ಮೊದಲಿನಂತಿಲ್ಲ. ಒಂದು ಕಾಲಕ್ಕೆ ಹಳೇ ಬಟ್ಟೆ ಅಂದರೆ ಹತ್ತಿಯದೇ. ಟೆರಿಲಿನ್, ಟೆರಿಕಾಟ್ ಬಂದವು. ಇಸ್ತ್ರಿ ಬೇಡ, ಬೇಗ ಒಣಗುತ್ತೆ, ವರ್ಷಾನುಗಟ್ಟಲೆ ಬಾಳುತ್ತೆ ಅಂತ ಜನ ಮುಗಿಬಿದ್ದರು. ಈಗ ಪಾಲಿಯೆಸ್ಟರ್ ಸೇರದ ಅಂಗಿ ಹುಡುಕಬೇಕು. ಹತ್ತಿ ನೂಲು ಗಾಳಿಯಲ್ಲಿನ ತೇವವನ್ನು ತನ್ನ ತೂಕದ ಶೇಕಡಾ 7-8ರಷ್ಟು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರೋದು ಶೇಕಡಾ ಒಂದಕ್ಕಿಂತ ಕಡಿಮೆ. ಹೀಗಾಗಿ ಅದರ ಕೌದಿ ಹೊದ್ದರೆ ಬೆವರು ಮೈಗೇ ಅಂಟುತ್ತೆ. ಹೊಲಿಯೋವಾಗ ಬಟ್ಟೆ ಜಾರುತ್ತೆ. ಜೀನ್ಸ್ ಪ್ಯಾಂಟಂತೂ ಬೆರಳಿನ ವೈರಿ.

ಉಳಿದ ನೂಲಿನ ಬಟ್ಟೆಗೂ ಬೇರೆ ಗಿರಾಕಿ ಇದ್ದಾರೆ. ಸ್ಟೀಲ್ ಡಬ್ಬಿ ತಂದವಳು ಬಾಗಿಲಿಗೆ ಬಂದರೆ ಹತ್ತು ಅಂಗಿ ಅವಳ ಗಂಟಿಗೆ ಹೋಗುತ್ತೆ. ಮನೆಗೊಂದು ಡಬ್ಬಿ ಬಂತು, ಕೌದಿಯೊಂದು ಕಮ್ಮಿ ಆಯಿತು.

ಹಳಿಯಾಳದ ಬಸ್ ಹತ್ತಿದರೆ

ಇದೇ ಕೌದಿಗೆ ಇನ್ನೊಂದು ಕಥೆಯೂ ಇದೆ. ಅದನ್ನು ನೋಡಬೇಕಾದರೆ ಧಾರವಾಡದಿಂದ ಹಳಿಯಾಳದ ಬಸ್ ಹತ್ತಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಆಫ್ರಿಕದಿಂದ ಬಂದವರ ವಂಶ. ಗೋವೆಯ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರಲ್ಲಿ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂವರೂ ಇವರಲ್ಲುಂಟು. ಮೂವರ ಮನೆಯಲ್ಲೂ ಕೌದಿ ಉಂಟು, ಅವರ ಬಾಯಲ್ಲಿ ಅದು ಕವಂದಿ.

ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ತುಂಡು ಕೂರಿಸುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕಡೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ತ್ರಿಕೋನ. ಅದಕ್ಕೆ ಫೂಲ ಅಂತಾರೆ, ಅಂದರೆ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಅನ್ನೋದು ಅಲ್ಲಿನ ಹಿರಿಯರ ಮಾತು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಇವನ್ನೆಲ್ಲ ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಕೂಟ ಶುರುವಾಯಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೇ ನಡೆಯಿತು. ನಮ್ಮ ಕಡೆ ಮಂಚದ ಕೆಳಗೆ ಮಡಚಿಟ್ಟದ್ದನ್ನು ಅಲ್ಲಿ ಗೋಡೆಗೆ ತೂಗುಹಾಕಿ, ಹೊಲಿದವರ ಕೈಗೆ ಬೆಲೆ ಕಟ್ಟಿದರು.

ಗಿರಣಿಗೆ ಒಂದು ನ್ಯಾಯ, ಸೂಜಿಗೆ ಒಂದು

ಹಳೇ ಬಟ್ಟೆಯಲ್ಲಿ ದುಡ್ಡಿಲ್ಲ ಅನ್ನೋರು ಹರಿಯಾಣದ ಪಾಣಿಪತ್ತನ್ನು ನೋಡಬೇಕು. ಹೊರದೇಶದವರು ಬಿಸಾಕಿದ ಉಣ್ಣೆ ಬಟ್ಟೆಯನ್ನು ಯಂತ್ರದಲ್ಲಿ ಹರಿದು, ಮತ್ತೆ ನೂಲು ಮಾಡಿ ಕಂಬಳಿ ನೇಯುವ ಕಾರ್ಖಾನೆಗಳು ಅಲ್ಲಿ ದಶಕಗಳಿಂದ ನಡೆದಿವೆ. ಆ ಕಂಬಳಿ ಕೊಳ್ಳೋವಾಗ "ಬಟ್ಟೆ ಹಳೇದಲ್ವಾ, ಬಿಟ್ಟಿ ಕೊಡು" ಅಂತ ಯಾರೂ ಕೇಳೋದಿಲ್ಲ.

ಅಷ್ಟು ದೂರ ಯಾಕೆ? ಜೋಳ ನಮ್ಮದೇ ಆದರೂ ಹಿಟ್ಟಿನ ಗಿರಣಿಯವನಿಗೆ ಬೀಸಿದ ಕೂಲಿ ಕೊಟ್ಟೇ ಬರುತ್ತೇವೆ. ಪ್ಯಾಂಟ್ ನಮ್ಮದೇ ಆದರೂ ಕಾಲು ಮಡಚಿ ಹೊಲಿದ ಟೇಲರ್ ಕೇಳಿದ್ದನ್ನು ಎಣಿಸಿ ಕೊಡುತ್ತೇವೆ. ಅದು ಹತ್ತು ನಿಮಿಷದ ಕೆಲಸ. ಕಟ್ಟೆ ಮೇಲೆ ಒಂದು ವಾರ ಕೂತವಳ ಹತ್ತಿರ ಮಾತ್ರ "ಬಟ್ಟಿ ನಮ್ಮದು" ಅನ್ನೋ ವಾದ ಯಾಕೆ ಬರುತ್ತೋ!

ತಾಯಿ ಮಗಳಿಗೆ ಕಲಿಸಬೇಕಾದ ಕೆಲಸ ಇದು. ಮಗಳು ಕೇಳೋದು ಒಂದೇ ಪ್ರಶ್ನೆ: "ದಿನಕ್ಕ ಎಷ್ಟ ಬೀಳತೈತಿ?" ಉತ್ತರ ಸರಿ ಬರದಿದ್ದರೆ ಆಕೆ ಸೂಜಿ ಕೆಳಗಿಟ್ಟು ಬೇರೆ ಕೂಲಿ ನೋಡಿಕೊಳ್ಳುತ್ತಾಳೆ. ಅವಳದು ತಪ್ಪು ಅನ್ನೋಕೆ ಬಾಯಿ ಬರೋದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆ ಹೊಲಿದವಳ ಕಾಲು ಚಾಚೋಕೆ ಎಷ್ಟು ಜಾಗ ಸಿಕ್ಕಿತು ಅಂತಲೂ ಒಮ್ಮೆ ನೋಡಬೇಕು. ಮುಂದಿನ ಸುಗ್ಗಿ ಮುಗಿದ ಮೇಲೆ ಓಣಿಯಲ್ಲಿ "ಕೌದಿ ಹೊಲಸ್ತೀರೇನ್ರೀ ಯವ್ವಾ" ಅನ್ನೋ ಕೂಗು ಕೇಳಿದರೆ ಟ್ರಂಕಿನಿಂದ ಹಳೇ ಅಂಗಿ ಹೊರಗೆ ತೆಗೆಯಿರಿ. ಕೂಲಿ ಮಾತಾಡುವ ಮುಂಚೆ 13,824 ಅನ್ನೋ ಸಂಖ್ಯೆ ಒಂದನ್ನು ನೆನಪಿಸಿಕೊಂಡರೆ ಸಾಕು.