ಕೊಚ್ಚಿಯ ಮೂರು ಕಟ್ಟಡಗಳು: ಪ್ರವಾಸದಲ್ಲಿ ದೊರೆತ ಒಂದು ಪಾಠ

ಇತಿಹಾಸದ ವಿದ್ಯಾರ್ಥಿಗಳನ್ನು ಹಳೆಯ ಕಟ್ಟಡಗಳ ದರ್ಶನಕ್ಕೆ ಕರೆದೊಯ್ಯುವುದು ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿದೆ. ಮಾರ್ಗದರ್ಶಿಯು ಮುಂದೆ ನಡೆಯುತ್ತಾನೆ, ಕಟ್ಟಡದ ಹೆಸರನ್ನೂ ಕಟ್ಟಿಸಿದವನ ಹೆಸರನ್ನೂ ಒಂದು ವರ್ಷವನ್ನೂ ಹೇಳುತ್ತಾನೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಕೇರಳದ ಬಂದರು ಪಟ್ಟಣವಾದ ಕೊಚ್ಚಿಗೆ ನಾವು ಕೈಗೊಂಡ ಇಂತಹ ಪ್ರವಾಸವೊಂದರಲ್ಲಿ, ಈ ಕ್ರಮವು ಎಷ್ಟು ಅಸಮರ್ಪಕವೆಂಬುದು ನಮಗೆ ಮನದಟ್ಟಾಯಿತು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೋಡಿದ್ದು ಕೋಟೆ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಇಗರ್ಜಿ. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿಯೇ ಹೂಳಲಾಯಿತು. ಅವನ ಅವಶೇಷಗಳನ್ನು ಮುಂದೆ ಪೋರ್ಚುಗಲ್ಲಿಗೆ ಸಾಗಿಸಿದರು. ಮಾರ್ಗದರ್ಶಿಯ ವಿವರಣೆ ಬಹುಮಟ್ಟಿಗೆ ಇಷ್ಟರಲ್ಲಿಯೇ ಮುಗಿಯಿತು. ಆದರೆ ಕಟ್ಟಡದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪೋರ್ಚುಗೀಸರ ಕಾಲದಲ್ಲಿ ಇದು ಕ್ಯಾಥೊಲಿಕರ ಇಗರ್ಜಿಯಾಗಿದ್ದು, ಸಂತ ಅಂತೋನಿಯ ಹೆಸರನ್ನು ಹೊತ್ತಿತ್ತು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಅಲ್ಲಿನ ಕ್ಯಾಥೊಲಿಕ್ ಆರಾಧನಾಲಯಗಳಲ್ಲಿ ಬಹುಪಾಲನ್ನು ಕೆಡವಿದರೂ ಇದನ್ನು ಉಳಿಸಿಕೊಂಡು, ತಮ್ಮ ಪ್ರಾಟೆಸ್ಟೆಂಟ್ ಪಂಥದ ಆರಾಧನೆಗೆ ಅಣಿಗೊಳಿಸಿದರು. 1795ರಲ್ಲಿ ಪಟ್ಟಣವು ಬ್ರಿಟಿಷರ ವಶವಾಯಿತು. ಬಳಿಕ ಇಗರ್ಜಿಯು ಆಂಗ್ಲಿಕನ್ನರ ಕೈಸೇರಿತು. ಸೇಂಟ್ ಫ್ರಾನ್ಸಿಸ್ ಎಂಬ ಹೆಸರು ಬಂದುದು ಆ ಅವಧಿಯಲ್ಲಿ. ಒಳಗೋಡೆಗಳಿಗೆ ತಾಗಿಸಿ ನಿಲ್ಲಿಸಿರುವ ಸಮಾಧಿಶಿಲೆಗಳು ಒಂದು ಬದಿಯಲ್ಲಿ ಪೋರ್ಚುಗೀಸರವು, ಇನ್ನೊಂದು ಬದಿಯಲ್ಲಿ ಡಚ್ಚರವು. ಎರಡು ಆಳ್ವಿಕೆಗಳು ಒಂದೇ ಸೂರಿನಡಿಯಲ್ಲಿ ಎದುರುಬದುರಾಗಿ ನಿಂತಿವೆ.

ಬಳಿಕ ಮಟ್ಟಾಂಚೇರಿಗೆ ನಡೆದೆವು. ಅಲ್ಲಿನ ಅರಮನೆಯನ್ನು ಜನರು ಡಚ್ಚರ ಅರಮನೆಯೆಂದು ಕರೆಯುತ್ತಾರೆ. ‘ಇಲ್ಲಿ ವಾಸವಾಗಿದ್ದ ಡಚ್ ದೊರೆ ಯಾರು?’ ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಹೆಸರನ್ನು ನಂಬಿದವನು ಕೇಳಲೇಬೇಕಾದ ಪ್ರಶ್ನೆಯದು. ನಾವು ಪ್ರವಾಸಕ್ಕೆ ಮುನ್ನ ಸಿದ್ಧಪಡಿಸಿ ಹಂಚಿದ್ದ ಟಿಪ್ಪಣಿಯಲ್ಲಿಯೂ ಬರಿಯ ಆ ಹೆಸರೇ ಇದ್ದುದರಿಂದ ತಪ್ಪು ನಮ್ಮದೇ ಆಗಿತ್ತು. ವಾಸ್ತವವಾಗಿ ಇಲ್ಲಿ ಯಾವ ಡಚ್ ದೊರೆಯೂ ಇರಲಿಲ್ಲ. ಸುಮಾರು 1555ರಲ್ಲಿ ಪೋರ್ಚುಗೀಸರು ಇದನ್ನು ಕಟ್ಟಿಸಿ ಕೊಚ್ಚಿಯ ಅರಸ ವೀರ ಕೇರಳವರ್ಮನಿಗೆ ಕಾಣಿಕೆಯಾಗಿತ್ತರು. ಡಚ್ಚರು ಮಾಡಿದ್ದು ಜೀರ್ಣೋದ್ಧಾರ ಮತ್ತು ಮಾರ್ಪಾಡುಗಳನ್ನು. ಆದರೂ ಹೆಸರು ಉಳಿದುದು ಅವರದು. ಕಟ್ಟಡದ ಒಳಹೊಕ್ಕು ನೋಡಿದರೆ ನಡುವೆ ಅಂಗಳವಿಟ್ಟ ಕೇರಳದ ನಾಲ್ಕೆಟ್ಟಿನ ವಿನ್ಯಾಸ, ಅಂಗಳದಲ್ಲಿ ಪಳಯನ್ನೂರು ಭಗವತಿಯ ಗುಡಿ, ಶಯನಗೃಹದ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳು. ಕಾಣಿಕೆ ಕೊಟ್ಟವರು ಪರದೇಶಿಗಳಾದರೂ ಬದುಕಿನ ಕ್ರಮ ಅರಸನದೇ ಆಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅರಮನೆಯ ಮಗ್ಗುಲಲ್ಲಿಯೇ ಯೆಹೂದ್ಯರ ಪರದೇಶಿ ಸಿನಗಾಗ್ ಇದೆ. ಇದು 1568ರಲ್ಲಿ ನಿರ್ಮಿತವಾಯಿತು; 1662ರಲ್ಲಿ ಪೋರ್ಚುಗೀಸರಿಂದ ಹಾನಿಗೊಂಡು, ಡಚ್ಚರ ಆಳ್ವಿಕೆಯಲ್ಲಿ ಮತ್ತೆ ಎದ್ದುನಿಂತಿತು. ಗಡಿಯಾರದ ಗೋಪುರವು ಹದಿನೆಂಟನೆಯ ಶತಮಾನದ ನಡುಭಾಗದ್ದು. ನೆಲಕ್ಕೆ ಹಾಸಿರುವ ಕೈಬರಹದ ನೀಲಿ-ಬಿಳಿ ಹಂಚುಗಳು ಚೀನಾದಿಂದ ಬಂದವು. ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ ಸುಮಾರು ಕ್ರಿ.ಶ. 1000ರಲ್ಲಿ ಇತ್ತ ತಾಮ್ರಶಾಸನಗಳಿಗೂ ಈ ಸಿನಗಾಗಿಗೂ ಸಂಬಂಧವನ್ನು ಹೇಳುವುದುಂಟು. ಇಲ್ಲಿ ವಿದ್ಯಾರ್ಥಿಯು ಎಚ್ಚರವಹಿಸಬೇಕು: ಶಾಸನದ ಕಾಲವು ಕಟ್ಟಡದ ಕಾಲಕ್ಕಿಂತ ಐದು ಶತಮಾನಗಳಿಗೂ ಹೆಚ್ಚು ಹಿಂದಿನದು. ಪರದೇಶಿಗಳು ತಡವಾಗಿ ಬಂದು ನೆಲಸಿದವರು; ಅವರಿಗಿಂತ ಮುಂಚೆಯೇ ಮಲಬಾರಿನಲ್ಲಿ ಯೆಹೂದ್ಯರಿದ್ದರು. ಕೊಚ್ಚಿಯ ಯೆಹೂದ್ಯರಲ್ಲಿ ಬಹುಪಾಲು ಜನರು 1948ರ ನಂತರದ ವರ್ಷಗಳಲ್ಲಿ ಇಸ್ರೇಲಿಗೆ ತೆರಳಿದರು. ಆರಾಧಿಸುವ ಜನರು ವಿರಳವಾಗಿ ನೋಡುವ ಜನರು ಹೆಚ್ಚಿದಾಗ, ಕಟ್ಟಡದ ಪರವಾಗಿ ಮಾತನಾಡುವ ಹೊಣೆ ಇತಿಹಾಸಕಾರನ ಮೇಲೆ ಬೀಳುತ್ತದೆ.

ಮೂರು ಕಟ್ಟಡಗಳಿಂದಲೂ ತಿಳಿದುಬರುವ ಅಂಶ ಒಂದೇ. ಕಟ್ಟಡಕ್ಕೆ ಒಂದು ಹೆಸರಿರಬಹುದು. ಆದರೆ ಒಂದೇ ಕಾಲವಿಲ್ಲ, ಒಬ್ಬನೇ ಕರ್ತೃವಿಲ್ಲ. ಹೆಸರು ಅನೇಕ ವೇಳೆ ಕೊನೆಗೆ ಕೈಯಿಟ್ಟವನನ್ನು ಮಾತ್ರ ಸ್ಮರಿಸುತ್ತದೆ. ಆದುದರಿಂದ ನಾವು ಮರುದಿನ ಹೊಸ ಟಿಪ್ಪಣಿಯನ್ನು ಸಿದ್ಧಪಡಿಸಿದೆವು. ಕಟ್ಟಿದವರು ಯಾರು, ಬದಲಿಸಿದವರು ಯಾರು, ಬಳಸಿದವರು ಯಾರು ಎಂಬ ಮೂರು ಪ್ರಶ್ನೆಗಳು ಅದರಲ್ಲಿದ್ದುವು. ಪ್ರತಿಯೊಂದು ಉತ್ತರದ ಮುಂದೆಯೂ ಕಣ್ಣಾರೆ ಕಂಡ ಆಧಾರವನ್ನು ಬರೆಯಬೇಕೆಂದು ವಿಧಿಸಿದೆವು. ವಿದ್ಯಾರ್ಥಿಗಳು ಮತ್ತೊಮ್ಮೆ ಅದೇ ಕಟ್ಟಡಗಳಿಗೆ ಹೋದರು. ಈ ಸಲ ಕಿವಿಗಿಂತ ಕಣ್ಣಿಗೆ ಹೆಚ್ಚು ಕೆಲಸವಾಯಿತು.

ಮಾರ್ಗದರ್ಶಿಗಳನ್ನು ಹಳಿಯುವುದು ನಮ್ಮ ಅಭಿಪ್ರಾಯವಲ್ಲ; ಅವರಿಗಿರುವ ಸಮಯ ಅಲ್ಪ. ಅವರ ಮಾತು ಮುಗಿದಲ್ಲಿ ಅಧ್ಯಾಪಕನ ಕೆಲಸ ಆರಂಭವಾಗಬೇಕು. ಕಾಲೇಜಿನ ಸಮೀಪದಲ್ಲಿಯೇ ಇರುವ ಗುಡಿ, ಬಸದಿ, ಮಸೀದಿ, ಇಗರ್ಜಿಗಳಲ್ಲಿ ಈ ಕ್ರಮವನ್ನು ಅನುಸರಿಸಲು ದೂರದ ಪ್ರಯಾಣವೂ ಬೇಕಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ.